ಮಳೆ, ಕೆರೆ ಮತ್ತು ಹೋಲಿಕೆಯ ನ್ಯಾಯ: ಸಂಭವಕ್ರಮವನ್ನು ಕುರಿತು ಇತಿಹಾಸ ವಿದ್ಯಾರ್ಥಿಗಳಿಗೆ ಒಂದು ವಿವರಣೆ

ಬೇಲೂರಿನಿಂದ ಹೊರಟು ಹಳೇಬೀಡು, ಬಾಣಾವರಗಳ ಮಾರ್ಗವಾಗಿ ಅರಸೀಕೆರೆಯನ್ನು ಸೇರುವ ಪ್ರಯಾಣಿಕನು ಒಂದೇ ಜಿಲ್ಲೆಯೊಳಗೆ ಎರಡು ಬೇರೆ ಸೀಮೆಗಳನ್ನು ಕಾಣುವನು. ಯಗಚಿಯ ದಡದಲ್ಲಿರುವ ಬೇಲೂರು ಮಲೆನಾಡಿನ ಸೆರಗಿನಲ್ಲಿದೆ. ಅದರ ಪಶ್ಚಿಮಕ್ಕೆ ನಡೆದಂತೆ ಕಾಫಿಯ ತೋಟಗಳು ಎದುರಾಗುವುವು. ಅರಸೀಕೆರೆಯಾದರೋ ಬಯಲುಸೀಮೆಗೆ ಸೇರಿದ್ದು. ರಾಗಿಯೂ ತೆಂಗೂ ಅಲ್ಲಿಯ ಜನರ ಜೀವನಾಧಾರ. ಇವೆರಡರ ನಡುವೆ, ಬೇಲೂರಿಗೆ ಸುಮಾರು ೧೬ ಕಿಲೋಮೀಟರ್ ದೂರದಲ್ಲಿ, ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರವು ಇಂದಿನ ಹಳೇಬೀಡಾಗಿ ಉಳಿದಿದೆ. ಸಕಲೇಶಪುರದ ಘಟ್ಟದ ಕಡೆಯಿಂದ ಪೂರ್ವಕ್ಕೆ ಬಂದಂತೆಲ್ಲ ಮಳೆ ಕಡಿಮೆಯಾಗುತ್ತ ಬರುವುದೆಂಬುದು ಈ ಜಿಲ್ಲೆಯ ಯಾವ ಬೇಸಾಯಗಾರನಿಗೂ ತಿಳಿದ ಸಂಗತಿ. ಊರುಗಳ ಹೆಸರುಗಳೂ ಇದನ್ನೇ ನೆನಪಿಗೆ ತರುವಂತಿವೆ. ರಾಜಧಾನಿಯ ಹೆಸರಿನಲ್ಲಿ ‘ಸಮುದ್ರ’ವುಂಟು, ಅದು ಕೆರೆಯ ಸಮುದ್ರ. ಅರಸೀಕೆರೆಯೆಂಬುದು ಅರಸಿಯ ಕೆರೆ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೊ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಆ ಗುಡಿಗಳ ಕಾಲದ ಜನರನ್ನು ಸಾಕಿದ ಕೆರೆಗಳ ಕಡೆಗೂ ಇತಿಹಾಸದ ವಿದ್ಯಾರ್ಥಿಯ ಗಮನ ಸಲ್ಲಬೇಕಾದುದು ಯುಕ್ತ.

ಹೊಯ್ಸಳರ ಕಾಲದ ನೀರಾವರಿಯನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ನಾನು ಒಮ್ಮೆ, “ಬೇಲೂರಿಗಿಂತ ಅರಸೀಕೆರೆಯಲ್ಲಿ ಮಳೆ ಕಡಿಮೆ, ಆದುದರಿಂದ ಅಲ್ಲಿಯ ಜನಕ್ಕೆ ಕೆರೆಯೇ ಗತಿಯಾಯಿತು” ಎಂದು ಹೇಳಿದೆನು. ಅರಸೀಕೆರೆಯ ಕಡೆಯ ಹಳ್ಳಿಯಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಪ್ರತಿ ವರ್ಷವೂ ಕಡಿಮೆಯೇ, ಸಾರ್?” ಎಂದು ಕೇಳಿದನು. “ಪ್ರತಿ ವರ್ಷವೂ ಅಲ್ಲ, ಸರಾಸರಿಯಲ್ಲಿ ಕಡಿಮೆ” ಎಂದೆನು. “ಸರಾಸರಿಯಿಂದ ನಮ್ಮೂರ ಕೆರೆ ತುಂಬುವುದಿಲ್ಲವಲ್ಲ, ಸಾರ್” ಎಂದು ಹೇಳಿ ಅವನು ಕುಳಿತನು. ತರಗತಿಯಲ್ಲಿ ನಗು ಎದ್ದಿತು, ನಾನೂ ನಕ್ಕೆನು. ಆದರೆ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಹಿಂದೆ ನಾನೇ ಬರೆದಿದ್ದ ಪ್ರಬಂಧವನ್ನು ತೆರೆದು ನೋಡಿದಾಗ, ಅದರಲ್ಲಿಯೂ ಸರಾಸರಿಯ ಬಲದ ಮೇಲೆಯೇ ಒಂದು ಸೀಮೆಯ ಒಕ್ಕಲು ಇನ್ನೊಂದು ಸೀಮೆಯ ಒಕ್ಕಲಿಗಿಂತ ‘ಸದಾ ಸುರಕ್ಷಿತ’ನಾಗಿದ್ದನೆಂದು ತೀರ್ಮಾನಿಸಿದ್ದುದು ಕಂಡಿತು. ಆ ತಪ್ಪನ್ನು ತಿದ್ದಿಕೊಳ್ಳುವ ಪ್ರಯತ್ನದಲ್ಲಿ ಸಂಖ್ಯಾಶಾಸ್ತ್ರದ ಸಹೋದ್ಯೋಗಿಗಳಿಂದ ಕಲಿತುದನ್ನು ನನ್ನಂತಹ ಇತರರಿಗೆ ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶ. ಇಂಗ್ಲಿಷಿನಲ್ಲಿ ಸ್ಟೊಕ್ಯಾಸ್ಟಿಕ್ ಆರ್ಡರ್ ಎಂದು ಹೆಸರಾದ ಈ ವಿಚಾರವನ್ನು ಇಲ್ಲಿ ‘ಸಂಭವಕ್ರಮ’ವೆಂದು ಕರೆದಿದೆ.

೧. ಪ್ರಶ್ನೆಯ ಸ್ವರೂಪ

ಎರಡು ನಿಶ್ಚಿತ ಸಂಖ್ಯೆಗಳನ್ನು ಹೋಲಿಸುವುದರಲ್ಲಿ ತೊಡಕಿಲ್ಲ. ಎಂಟು ಐದಕ್ಕಿಂತ ದೊಡ್ಡದು. ಅಲ್ಲಿಗೆ ಮಾತು ಮುಗಿಯಿತು. ಆದರೆ ‘ಅರಸೀಕೆರೆಯ ಒಂದು ವರ್ಷದ ಮಳೆ’ ಎಂಬುದು ನಿಶ್ಚಿತವಾದ ಸಂಖ್ಯೆಯಲ್ಲ. ಅದು ವರ್ಷದಿಂದ ವರ್ಷಕ್ಕೆ ಬೇರೆ ಬೇರೆ ಬೆಲೆಗಳನ್ನು ತಾಳುವುದು. ಯಾವ ವರ್ಷ ಎಷ್ಟೆಂಬುದನ್ನು ಮುಂದಾಗಿ ಹೇಳಲಾಗದು. ಆದರೆ ಎಷ್ಟು ಮಳೆ ಎಷ್ಟು ಬಾರಿ ಬರಬಹುದೆಂಬುದನ್ನು ದೀರ್ಘಕಾಲದ ಅನುಭವದಿಂದ ಅಂದಾಜು ಮಾಡಬಹುದು. ಇಂತಹ ಪರಿಮಾಣವನ್ನು ಶಾಸ್ತ್ರಜ್ಞರು ‘ಯಾದೃಚ್ಛಿಕ ಚರ’ವೆನ್ನುವರು. ಅದರ ಬೆಲೆಗಳು ಯಾವ ಯಾವ ಪ್ರಮಾಣದಲ್ಲಿ ಹಂಚಿಕೊಂಡಿವೆಯೆಂಬ ವಿವರಕ್ಕೆ ‘ಸಂಭವನೀಯತೆಯ ವಿತರಣೆ’ಯೆಂದು ಹೆಸರು.

ಹೀಗಿರುವಲ್ಲಿ ‘ಬೇಲೂರಿನ ಮಳೆ ಅರಸೀಕೆರೆಯ ಮಳೆಗಿಂತ ಹೆಚ್ಚು’ ಎಂಬ ವಾಕ್ಯಕ್ಕೆ ಅರ್ಥವೇನು? ಎರಡು ವಿತರಣೆಗಳಲ್ಲಿ ಒಂದು ಇನ್ನೊಂದಕ್ಕಿಂತ ‘ದೊಡ್ಡದು’ ಎನ್ನುವುದು ಹೇಗೆ? ಸಾಮಾನ್ಯವಾಗಿ ನಾವು ಮಾಡುವುದು ಇಷ್ಟೆ: ಇಡೀ ವಿತರಣೆಯನ್ನು ಸರಾಸರಿಯೆಂಬ ಒಂದೇ ಸಂಖ್ಯೆಗೆ ಇಳಿಸಿ, ಆ ಸಂಖ್ಯೆಗಳನ್ನು ಹೋಲಿಸಿ ತೃಪ್ತರಾಗುವುದು. ಇದು ಸುಲಭವಾದ ದಾರಿ. ಆದರೆ ಹೀಗೆ ಇಳಿಸುವಾಗ ಏನನ್ನು ಕಳೆದುಕೊಂಡೆವೆಂಬುದು ನಮಗೆ ಕಾಣುವುದಿಲ್ಲ. ಬರ ಬಂದ ವರ್ಷವೂ ಕೆರೆಯ ಏರಿ ಒಡೆದ ವರ್ಷವೂ ಸರಾಸರಿಯಲ್ಲಿ ಒಂದರೊಡನೊಂದು ಸೇರಿ ‘ಸಾಧಾರಣ’ವಾಗಿಬಿಡುವುವು.

೨. ಎಲ್ಲ ಮಿತಿಗಳಲ್ಲಿಯೂ ಮೇಲು

ಮೊದಲು ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇಲ್ಲಿಯೂ ಮುಂದೆಯೂ ಕೊಡುವ ಮಳೆಯ ಅಂಕಿಗಳು ವಿವರಣೆಗಾಗಿ ಕಲ್ಪಿಸಿದುವು. ಯಾವ ಮಳೆಮಾಪಕದ ದಾಖಲೆಯಿಂದಲೂ ತೆಗೆದುವಲ್ಲ. ಬಯಲುಸೀಮೆಯ ‘ಅ’ ಎಂಬ ಊರಿನಲ್ಲಿ ಐದು ವರ್ಷಗಳ ಮಳೆಯನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದರೆ ೪೦, ೫೫, ೬೫, ೭೫, ೯೦ ಸೆಂಟಿಮೀಟರ್ ಆಗಿರಲಿ. ಮಲೆನಾಡಿನ ಅಂಚಿನ ‘ಬ’ ಎಂಬ ಊರಿನಲ್ಲಿ ೬೦, ೮೦, ೯೫, ೧೧೦, ೧೩೦ ಆಗಿರಲಿ. ಮೊದಲನೆಯದರ ಸರಾಸರಿ ೬೫, ಎರಡನೆಯದರದು ೯೫.

ಈಗ ಸರಾಸರಿಯನ್ನು ಬದಿಗಿಟ್ಟು ಬೇರೊಂದು ಪ್ರಶ್ನೆಯನ್ನು ಕೇಳೋಣ. ೫೦ ಸೆಂಟಿಮೀಟರನ್ನು ಮೀರಿದ ವರ್ಷಗಳೆಷ್ಟು? ‘ಅ’ದಲ್ಲಿ ಐದಕ್ಕೆ ನಾಲ್ಕು, ‘ಬ’ದಲ್ಲಿ ಐದಕ್ಕೆ ಐದು. ೭೦ನ್ನು ಮೀರಿದುವೆಷ್ಟು? ‘ಅ’ದಲ್ಲಿ ಎರಡು, ‘ಬ’ದಲ್ಲಿ ನಾಲ್ಕು. ೧೦೦ನ್ನು ಮೀರಿದುವು? ‘ಅ’ದಲ್ಲಿ ಒಂದೂ ಇಲ್ಲ, ‘ಬ’ದಲ್ಲಿ ಎರಡು. ೩೦ನ್ನಾದರೋ ಎರಡು ಊರುಗಳಲ್ಲಿಯೂ ಎಲ್ಲ ವರ್ಷಗಳೂ ಮೀರಿವೆ. ಹೀಗೆ ಯಾವ ಮಿತಿಯನ್ನು ಇಟ್ಟು ಕೇಳಿದರೂ, ಆ ಮಿತಿಯನ್ನು ಮೀರುವ ಸಂಭವನೀಯತೆ ‘ಬ’ದಲ್ಲಿ ‘ಅ’ಕ್ಕಿಂತ ಕಡಿಮೆಯಾಗುವುದಿಲ್ಲ, ಕೆಲವು ಮಿತಿಗಳಲ್ಲಿ ಹೆಚ್ಚಾಗಿಯೇ ಇರುವುದು. ಇಂತಹ ಸಂದರ್ಭದಲ್ಲಿ ‘ಬ’ವು ‘ಅ’ಕ್ಕಿಂತ ಸಂಭವಕ್ರಮದಲ್ಲಿ ಮೇಲು ಎಂದು ಹೇಳುವರು. ಇದು ಮೊದಲನೆಯ ದರ್ಜೆಯ ಸಂಭವಕ್ರಮ.

ಲಕ್ಷಣದಲ್ಲಿ ‘ಯಾವ ಮಿತಿಯನ್ನು ಇಟ್ಟರೂ’ ಎಂಬ ಮಾತೇ ಜೀವಾಳ. ರಾಗಿಗೆ ಇಷ್ಟು ಮಳೆ ಸಾಕು, ಭತ್ತಕ್ಕೆ ಇಷ್ಟು ಬೇಕು, ತೆಂಗಿಗೆ ಇನ್ನಿಷ್ಟು ಬೇಕು ಎಂದು ಬೇರೆ ಬೇರೆ ಬೆಳೆಯವರು ಬೇರೆ ಬೇರೆ ಮಿತಿಗಳನ್ನು ಇಡುವರು. ಅವರೆಲ್ಲರ ಮಿತಿಗಳಿಗೂ ಉತ್ತರ ಒಂದೇ ದಿಕ್ಕಿನಲ್ಲಿ ಬಂದರೆ ಮಾತ್ರ ಕ್ರಮವುಂಟು. ಮಳೆ ಹೆಚ್ಚಿದಷ್ಟೂ ತನಗೆ ಒಳಿತೆಂದು ಎಣಿಸುವವರೆಲ್ಲರೂ, ಅವರ ಲಾಭದ ಲೆಕ್ಕ ಎಂತಹದೇ ಆಗಿರಲಿ, ‘ಬ’ವನ್ನೇ ಮೆಚ್ಚುವರು. ಗಣಿತದಲ್ಲಿ ಇದು ಮೇಲಿನ ಲಕ್ಷಣಕ್ಕೆ ಸರಿಸಮಾನವಾದ ಇನ್ನೊಂದು ಲಕ್ಷಣವೆಂದು ಸಾಧಿಸಲ್ಪಟ್ಟಿದೆ.

೩. ಈ ಕ್ರಮವು ಹೇಳುವುದು, ಹೇಳದಿರುವುದು

ಇಲ್ಲಿ ವಿದ್ಯಾರ್ಥಿಯ ಮೊದಲ ಪ್ರಶ್ನೆ ಮರಳಿ ಬರುವುದು: “ಪ್ರತಿ ವರ್ಷವೂ ಕಡಿಮೆಯೇ?” ಅಲ್ಲ. ‘ಅ’ದ ಅತ್ಯುತ್ತಮ ವರ್ಷದ ೯೦ ಸೆಂಟಿಮೀಟರ್ ‘ಬ’ದ ೬೦ನ್ನೂ ೮೦ನ್ನೂ ಮೀರಿದೆ. ‘ಅ’ದ ಒಂದೊಂದು ವರ್ಷವನ್ನೂ ‘ಬ’ದ ಒಂದೊಂದು ವರ್ಷದೊಡನೆ ಹೋಲಿಸಿದರೆ ೨೫ ಜೋಡಿಗಳಾಗುವುವು, ಅವುಗಳಲ್ಲಿ ೨೧ರಲ್ಲಿ ‘ಬ’ ಗೆಲ್ಲುವುದು, ೪ರಲ್ಲಿ ‘ಅ’ ಗೆಲ್ಲುವುದು. ಸಂಭವಕ್ರಮದಲ್ಲಿ ಮೇಲೆಂದ ಮಾತ್ರಕ್ಕೆ ಪ್ರತಿಯೊಂದು ಸ್ಪರ್ಧೆಯಲ್ಲಿಯೂ ಗೆಲುವೆಂದು ತಿಳಿಯಬಾರದು.

ಹಾಗಾದರೆ ಅದು ಹೇಳುವುದೇನು? ಎರಡೂ ಸಾಲುಗಳನ್ನು ಏರುಕ್ರಮದಲ್ಲಿ ನಿಲ್ಲಿಸಿ ನೋಡಬೇಕು. ಅತಿ ಕೆಟ್ಟ ವರ್ಷದೊಡನೆ ಅತಿ ಕೆಟ್ಟ ವರ್ಷ: ೪೦ಕ್ಕೆ ೬೦. ಎರಡನೆಯದರೊಡನೆ ಎರಡನೆಯದು: ೫೫ಕ್ಕೆ ೮೦. ನಡುವಿನದರೊಡನೆ ನಡುವಿನದು: ೬೫ಕ್ಕೆ ೯೫. ಆಮೇಲೆ ೭೫ಕ್ಕೆ ೧೧೦, ೯೦ಕ್ಕೆ ೧೩೦. ಸಾಲಿನ ಪ್ರತಿಯೊಂದು ಸ್ಥಾನದಲ್ಲಿಯೂ ‘ಬ’ ಮೇಲಿದೆ. ಬರವನ್ನು ಬರದೊಡನೆ, ಸುಭಿಕ್ಷವನ್ನು ಸುಭಿಕ್ಷದೊಡನೆ ಹೋಲಿಸಿದಾಗ ಒಂದು ಊರು ಎಲ್ಲಿಯೂ ಹಿಂದೆ ಬೀಳದಿದ್ದರೆ ಅದು ಸಂಭವಕ್ರಮದಲ್ಲಿ ಮೇಲು. ಹೀಗೆ ಜೋಡಿಸಿ ತೋರಿಸುವುದು ಯಾವಾಗಲೂ ಸಾಧ್ಯವೆಂಬುದನ್ನು, ಇದಕ್ಕಿಂತ ಬಹಳ ವಿಶಾಲವಾದ ಸಂದರ್ಭಗಳಲ್ಲಿ, ಜರ್ಮನಿಯ ಗಣಿತಜ್ಞ ಫೋಲ್ಕರ್ ಸ್ಟ್ರಾಸೆನ್ ೧೯೬೫ರಲ್ಲಿ ಸಿದ್ಧಪಡಿಸಿದನು.

ಇನ್ನೊಂದು ಎಚ್ಚರಿಕೆಯೂ ಬೇಕು. ವರ್ಷದ ಮೊತ್ತಕ್ಕೆ ಸಲ್ಲುವ ಕ್ರಮ ತಿಂಗಳ ಮಳೆಗೂ ಸಲ್ಲುವುದೆಂದು ಭಾವಿಸಬಾರದು. ಆಷಾಢದ ಮುಂಗಾರು ಘಟ್ಟದ ಸೆರಗಿನ ಊರಿಗೆ ಒಲಿದಂತೆ ಬಯಲಿಗೆ ಒಲಿಯದು. ಆದರೆ ರಾಗಿಯ ತೆನೆಯನ್ನು ಉಳಿಸುವ ಹಸ್ತೆ, ಚಿತ್ತೆಗಳ ಮಳೆಯ ಹೋಲಿಕೆ ಪ್ರತ್ಯೇಕವಾಗಿ ನಡೆಯಬೇಕಾದುದು. ಹಾಗೆಯೇ ತಾಲ್ಲೂಕಿನ ಅಂಕಿ ತಾಲ್ಲೂಕಿನ ಎಲ್ಲ ಊರುಗಳಿಗೂ ಸಲ್ಲದು. ಹಳೇಬೀಡು ಬೇಲೂರು ತಾಲ್ಲೂಕಿಗೆ ಸೇರಿದ್ದರೂ ಮಳೆಯ ವಿಷಯದಲ್ಲಿ ಪೂರ್ವದ ಬಯಲಿನ ಕಡೆಗೆ ವಾಲಿದ ಊರು. ಯಾವುದನ್ನು ಯಾವುದರೊಡನೆ ಹೋಲಿಸುತ್ತಿದ್ದೇವೆಂಬುದು ಮೊದಲು ಸ್ಪಷ್ಟವಾಗಬೇಕು.

೪. ಮೂರು ಅಳತೆಗೋಲು, ಮೂರು ತೀರ್ಪು

ಮೇಲಿನ ಉದಾಹರಣೆಯಲ್ಲಿ ಸರಾಸರಿಯೂ ಸಂಭವಕ್ರಮವೂ ಒಂದೇ ಮಾತನ್ನು ಹೇಳಿದುವು. ಸಂಭವಕ್ರಮದಲ್ಲಿ ಮೇಲಾದುದು ಸರಾಸರಿಯಲ್ಲಿ ಕೆಳಗಾಗುವುದು ಎಂದಿಗೂ ಇಲ್ಲ. ಆದರೆ ಇದರ ವಿಪರ್ಯಯ ನಿಜವಲ್ಲ. ಅದನ್ನು ತೋರಿಸಲು ‘ಕ’ ಮತ್ತು ‘ಖ’ ಎಂಬ ಬೇರೆ ಎರಡು ಊರುಗಳನ್ನು ಕಲ್ಪಿಸೋಣ. ‘ಕ’ದ ಐದು ವರ್ಷಗಳ ಮಳೆ ೩೦, ೪೦, ೭೦, ೧೧೦, ೧೫೦, ಸರಾಸರಿ ೮೦. ‘ಖ’ದ ಮಳೆ ೬೦, ೬೫, ೭೦, ೭೫, ೮೦, ಸರಾಸರಿ ೭೦. ಸರಾಸರಿಯನ್ನು ನಂಬುವವನು ‘ಕ’ವೇ ಮೇಲೆಂದು ಕಣ್ಣುಮುಚ್ಚಿ ಹೇಳಿಬಿಡುವನು.

ಮಿತಿಗಳನ್ನು ಇಟ್ಟು ನೋಡಿದರೆ ಸ್ಥಿತಿ ಬೇರೆ. ೫೦ನ್ನು ಮೀರಿದ ವರ್ಷಗಳು ‘ಕ’ದಲ್ಲಿ ಮೂರು, ‘ಖ’ದಲ್ಲಿ ಐದು. ೧೦೦ನ್ನು ಮೀರಿದುವು ‘ಕ’ದಲ್ಲಿ ಎರಡು, ‘ಖ’ದಲ್ಲಿ ಒಂದೂ ಇಲ್ಲ. ಒಂದು ಮಿತಿಯಲ್ಲಿ ‘ಖ’ ಮೇಲು, ಇನ್ನೊಂದರಲ್ಲಿ ‘ಕ’ ಮೇಲು. ಮೀರುವ ಸಂಭವನೀಯತೆಯ ಎರಡು ರೇಖೆಗಳನ್ನು ಎಳೆದರೆ ಅವು ಒಂದನ್ನೊಂದು ಕತ್ತರಿಸುವುವು. ಇವುಗಳ ನಡುವೆ ಮೊದಲನೆಯ ದರ್ಜೆಯ ಸಂಭವಕ್ರಮವಿಲ್ಲ. ಇನ್ನು ಜೋಡಿಗಳ ಲೆಕ್ಕವನ್ನು ಮಾಡಿದರೆ, ೨೫ ಜೋಡಿಗಳಲ್ಲಿ ‘ಕ’ಕ್ಕೆ ೧೨ ಗೆಲುವು, ‘ಖ’ಕ್ಕೆ ೧೨ ಗೆಲುವು, ಒಂದು ಸಮ. ಹೀಗೆ ಒಂದೇ ಜೊತೆ ಅಂಕಿಗಳಿಂದ ಸರಾಸರಿಯು ‘ಕ’ವನ್ನು ಮೇಲೆಂದಿತು, ಜೋಡಿಗಳ ಲೆಕ್ಕವು ಎರಡೂ ಸಮವೆಂದಿತು, ೫೦ರ ಮಿತಿಯು ‘ಖ’ವನ್ನು ಮೇಲೆಂದಿತು. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ. ಒಂದೇ ಪ್ರಶ್ನೆಯೆಂದು ನಾವು ತಿಳಿದುದು ವಾಸ್ತವವಾಗಿ ಮೂರು ಪ್ರಶ್ನೆಗಳಾಗಿದ್ದುವು.

ಸಂಭವಕ್ರಮವು ‘ಅಂಶಿಕ ಕ್ರಮ’ವೆಂಬ ಮಾತನ್ನು ಇತಿಹಾಸದ ವಿದ್ಯಾರ್ಥಿ ವಂಶವೃಕ್ಷದ ಮೂಲಕ ಸುಲಭವಾಗಿ ಗ್ರಹಿಸಬಹುದು. ವಂಶಾವಳಿಯಲ್ಲಿ ತಾತನು ಮೊಮ್ಮಗನಿಗೆ ಪೂರ್ವಜ, ಇದರಲ್ಲಿ ಸಂದೇಹವಿಲ್ಲ. ಆದರೆ ದಾಯಾದಿಗಳಿಬ್ಬರಲ್ಲಿ ಯಾರು ಯಾರಿಗೆ ಪೂರ್ವಜರು? ಯಾರೂ ಅಲ್ಲ. ಅದು ವಂಶಾವಳಿಯ ಕೊರತೆಯಲ್ಲ. ಅವರ ಸಂಬಂಧದ ಸ್ವರೂಪವೇ ಅಂತಹದು. ಎರಡು ವಿತರಣೆಗಳಲ್ಲಿಯೂ ಹಾಗೆಯೇ: ಕೆಲವು ಜೋಡಿಗಳಿಗೆ ಕ್ರಮವುಂಟು, ಕೆಲವಕ್ಕೆ ಇಲ್ಲ. ಇಲ್ಲದೆಡೆಯಲ್ಲಿ ಇಲ್ಲವೆಂದು ಹೇಳುವುದೇ ಈ ಶಾಸ್ತ್ರದ ಪ್ರಾಮಾಣಿಕತೆ.

ಈ ವಿಚಾರದ ಚರಿತ್ರೆಯೂ ಸ್ವಾರಸ್ಯವಾದುದು. ಎರಡು ಗುಂಪುಗಳ ಅಳತೆಗಳನ್ನು ಅವುಗಳ ಸ್ಥಾನಗಳ ಮೂಲಕ ಹೋಲಿಸುವ ವಿಧಾನವನ್ನು ಫ್ರಾಂಕ್ ವಿಲ್ಕಾಕ್ಸನ್ ೧೯೪೫ರಲ್ಲಿ ಸೂಚಿಸಿದನು. ಒಂದು ಯಾದೃಚ್ಛಿಕ ಚರ ಇನ್ನೊಂದಕ್ಕಿಂತ ಸಂಭವಕ್ರಮದಲ್ಲಿ ದೊಡ್ಡದೇ ಎಂಬುದನ್ನು ಪರೀಕ್ಷಿಸುವ ಪ್ರಬಂಧವನ್ನು ಮಾನ್ ಮತ್ತು ವಿಟ್ನಿ ಎಂಬಿಬ್ಬರು ೧೯೪೭ರಲ್ಲಿ ಪ್ರಕಟಿಸಿದರು. ಮೇಲೆ ನಾವು ಮಾಡಿದ ಜೋಡಿಗಳ ಎಣಿಕೆಯೇ ಆ ಪರೀಕ್ಷೆಯ ತಿರುಳು. ೧೯೫೫ರಲ್ಲಿ ಎರಿಕ್ ಲೇಮನ್ ಕ್ರಮಬದ್ಧ ವಿತರಣೆಗಳ ಕುಟುಂಬಗಳನ್ನು ವಿವೇಚಿಸಿದನು. ೧೯೬೯ ಮತ್ತು ೧೯೭೦ರಲ್ಲಿ ಅರ್ಥಶಾಸ್ತ್ರಜ್ಞರು, ನಷ್ಟದ ಭಯವುಳ್ಳವನು ಎರಡು ಅನಿಶ್ಚಿತ ಆದಾಯಗಳಲ್ಲಿ ಯಾವುದನ್ನು ಆರಿಸುವನೆಂಬ ಪ್ರಶ್ನೆಗೆ ಇದನ್ನು ಅನ್ವಯಿಸಿದರು. ಮುಂದಿನ ಭಾಗದಲ್ಲಿ ಹೇಳುವುದು ಈ ಕೊನೆಯ ಬೆಳವಣಿಗೆಗೆ ಸಂಬಂಧಿಸಿದುದು. ಆದರೆ ಅದನ್ನು ಪೇಟೆಯ ಬಂಡವಾಳದ ಉದಾಹರಣೆಗಿಂತ ನಮ್ಮ ಕೆರೆಯ ಉದಾಹರಣೆಯಿಂದಲೇ ಚೆನ್ನಾಗಿ ತಿಳಿಯಬಹುದು.

೫. ಕೆರೆಯ ನ್ಯಾಯ

ಕೆರೆಗೆ ಒಂದು ಏರಿ, ಒಂದು ತೂಬು, ಒಂದು ಕೋಡಿ. ಏರಿಯು ನೀರನ್ನು ತಡೆಯುವುದು. ತೂಬು ಅಚ್ಚುಕಟ್ಟಿಗೆ ಹರಿಸುವುದು. ಹೆಚ್ಚಾದ ನೀರು ಕೋಡಿಯ ಮೇಲೆ ಹೊರಟುಹೋಗುವುದು. ಒಂದು ಕೆರೆ ೬೦ ಸೆಂಟಿಮೀಟರ್ ಮಳೆಗೆ ತುಂಬುವುದೆಂದು ಇಟ್ಟುಕೊಳ್ಳೋಣ. ೩೦ ಸೆಂಟಿಮೀಟರ್ ಬಿದ್ದ ವರ್ಷ ಅದು ಅರ್ಧ ತುಂಬುವುದು. ೬೦ ಬಿದ್ದರೆ ಪೂರ್ತಿ. ೧೫೦ ಬಿದ್ದರೂ ಅಷ್ಟೆ, ಉಳಿದ ೯೦ ಕೋಡಿಯ ಪಾಲು. ಅಂದರೆ ಅಚ್ಚುಕಟ್ಟಿನ ರೈತನಿಗೆ ದಕ್ಕುವುದು ಬಿದ್ದ ಮಳೆಯಲ್ಲ. ಬಿದ್ದ ಮಳೆ ಮತ್ತು ಕೆರೆಯ ಗಾತ್ರ, ಇವೆರಡರಲ್ಲಿ ಯಾವುದು ಚಿಕ್ಕದೋ ಅದು. ನಿಜವಾದ ಕೆರೆಯಲ್ಲಿ ಹಿಂದಿನ ವರ್ಷದ ನೀರು ಉಳಿದಿರುವುದುಂಟು, ಮೇಲಿನ ಕೆರೆಯ ಕೋಡಿಯ ನೀರು ಬಂದು ಸೇರುವುದುಂಟು, ಬಿಸಿಲಿಗೆ ಆರುವುದೂ ಉಂಟು. ಅವುಗಳನ್ನು ಸದ್ಯಕ್ಕೆ ಬಿಟ್ಟಿದೆ.

ಈಗ ‘ಕ’ ಮತ್ತು ‘ಖ’ ಊರುಗಳಿಗೆ ಹಿಂದಿರುಗೋಣ. ಎರಡರಲ್ಲಿಯೂ ೬೦ರ ಕೆರೆಯಿದ್ದರೆ ‘ಕ’ದಲ್ಲಿ ನಿಲ್ಲುವ ನೀರು ೩೦, ೪೦, ೬೦, ೬೦, ೬೦, ಸರಾಸರಿ ೫೦. ‘ಖ’ದಲ್ಲಿ ಐದು ವರ್ಷವೂ ೬೦, ಸರಾಸರಿ ೬೦. ಮಳೆಯ ಸರಾಸರಿಯಲ್ಲಿ ಮುಂದಿದ್ದ ‘ಕ’ ನೀರಿನ ಸರಾಸರಿಯಲ್ಲಿ ಹಿಂದೆ ಬಿದ್ದಿತು. ಕೆರೆಯ ಗಾತ್ರ ೧೦೫ ಆದರೆ ಎರಡೂ ಸರಿಸಮ. ಅದಕ್ಕಿಂತ ದೊಡ್ಡ ಕೆರೆಯನ್ನು ಕಟ್ಟಬಲ್ಲವರಿಗೆ ಮಾತ್ರ ‘ಕ’ ಮೇಲು. ಆದುದರಿಂದ ‘ಎಲ್ಲಿ ಮಳೆ ಹೆಚ್ಚು?’ ಎಂಬ ಪ್ರಶ್ನೆಗೆ ಇಲ್ಲಿ ಕೊಡಬಹುದಾದ ಸರಿಯಾದ ಉತ್ತರ ಇನ್ನೊಂದು ಪ್ರಶ್ನೆಯೇ: ‘ಎಷ್ಟು ದೊಡ್ಡ ಕೆರೆಗೆ?’

ಯಾವ ಗಾತ್ರದ ಕೆರೆಯನ್ನು ತೆಗೆದುಕೊಂಡರೂ ಒಂದು ಊರಿನ ಕೆರೆಯಲ್ಲಿ ನಿಲ್ಲುವ ನೀರಿನ ಸರಾಸರಿ ಇನ್ನೊಂದರದಕ್ಕಿಂತ ಕಡಿಮೆಯಾಗದಿದ್ದರೆ, ಆಗ ಮೊದಲನೆಯದು ಎರಡನೆಯ ದರ್ಜೆಯ ಸಂಭವಕ್ರಮದಲ್ಲಿ ಮೇಲು. ಇದು ನಾನು ಮಾಡಿದ ಉಪಮೆಯಲ್ಲ. ಶಾಸ್ತ್ರದ ಲಕ್ಷಣವೇ ಹೀಗಿದೆ. ಪುಸ್ತಕಗಳಲ್ಲಿ ಕೆರೆಯ ಬದಲು ಒಂದು ಅಕ್ಷರವಿರುವುದು, ಅಷ್ಟೆ. ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವೂ ಉಂಟು. ಎರಡು ಊರುಗಳಿಂದಲೂ ಸಮಸಂಖ್ಯೆಯ ವರ್ಷಗಳನ್ನು ತೆಗೆದುಕೊಂಡು, ಅತಿ ಕೆಟ್ಟ ವರ್ಷದಿಂದ ಆರಂಭಿಸಿ ಒಂದೊಂದನ್ನೇ ಕೂಡುತ್ತ ಹೋಗಬೇಕು. ‘ಗ’ ಎಂಬ ಊರಿನ ಮಳೆ ೫೦, ೬೦, ೭೦, ೮೦, ೯೦ ಎಂದಿರಲಿ. ಸರಾಸರಿ ‘ಖ’ದಂತೆಯೇ ೭೦. ಕೂಡುತ್ತ ಹೋದರೆ ‘ಗ’ಕ್ಕೆ ೫೦, ೧೧೦, ೧೮೦, ೨೬೦, ೩೫೦, ‘ಖ’ಕ್ಕೆ ೬೦, ೧೨೫, ೧೯೫, ೨೭೦, ೩೫೦. ಪ್ರತಿಯೊಂದು ಹಂತದಲ್ಲಿಯೂ ‘ಖ’ ಮುಂದಿದೆ ಅಥವಾ ಸಮನಾಗಿದೆ. ಸರಾಸರಿ ಒಂದೇ ಆದರೂ ‘ಖ’ವೇ ಮೇಲು. ‘ಕ’ಕ್ಕಾದರೋ ಮೊತ್ತಗಳು ೩೦, ೭೦, ೧೪೦, ೨೫೦, ೪೦೦, ಮೊದಲ ನಾಲ್ಕು ಹಂತಗಳಲ್ಲಿ ‘ಖ’ಕ್ಕಿಂತ ಹಿಂದೆ, ಕೊನೆಯಲ್ಲಿ ಮುಂದೆ. ಆದುದರಿಂದ ಇವೆರಡರ ನಡುವೆ ಎರಡನೆಯ ದರ್ಜೆಯ ಕ್ರಮವೂ ಇಲ್ಲ.

ಅತಿ ಕೆಟ್ಟ ವರ್ಷದಿಂದ ಎಣಿಸಲು ಆರಂಭಿಸುವ ಈ ಲೆಕ್ಕ ಒಕ್ಕಲಿನ ಮನಸ್ಸಿಗೆ ಹತ್ತಿರವಾದುದು. ಬರಗಾಲದಲ್ಲಿ ಒಣಗಿದ ತೆಂಗಿನ ಮರ ಮುಂದಿನ ವರ್ಷ ಎರಡರಷ್ಟು ಮಳೆ ಬಂದರೂ ಮತ್ತೆ ಚಿಗುರುವುದಿಲ್ಲ; ಹೊಸ ಸಸಿ ಫಲಕ್ಕೆ ಬರಲು ವರ್ಷಗಳು ಬೇಕು. ಬರದ ವರ್ಷ ಮಾರಿದ ಎತ್ತು ಸುಭಿಕ್ಷದಲ್ಲಿ ತಾನಾಗಿ ಕೊಟ್ಟಿಗೆಗೆ ಬಾರದು. ಕಡಿಮೆಯಾದುದರ ನಷ್ಟವನ್ನು ಹೆಚ್ಚಾದುದರ ಲಾಭ ತುಂಬಿಕೊಡಲಾರದ ಎಡೆಯಲ್ಲೆಲ್ಲ ಸರಾಸರಿಯು ತಪ್ಪುದಾರಿ ತೋರಬಲ್ಲದು. ಎರಡನೆಯ ದರ್ಜೆಯ ಕ್ರಮ ದೊರೆತಾಗ ಅದನ್ನು ಧೈರ್ಯವಾಗಿ ನಂಬಬಹುದು. ನನ್ನ ವಿದ್ಯಾರ್ಥಿಯು ಒಂದು ವಾಕ್ಯದಲ್ಲಿ ಹೇಳಿದುದು ಇದನ್ನೇ.

ಇತಿಹಾಸಕಾರನು ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಕೆರೆಯ ಗಾತ್ರ ಶಾಶ್ವತವಲ್ಲ. ಹೂಳು ತುಂಬಿದಂತೆ ಅದು ಕುಗ್ಗುವುದು. ಹೂಳೆತ್ತಿ ಏರಿಯನ್ನು ಬಲಪಡಿಸಿದರೆ ಹಿಗ್ಗುವುದು. ನಮ್ಮ ಶಾಸನಗಳಲ್ಲಿ ಮೇಲಿಂದ ಮೇಲೆ ಬರುವ ‘ಬಿತ್ತುವಟ್ಟ’ವೆಂಬುದು ಕೆರೆಯ ರಕ್ಷಣೆಗಾಗಿ ಬಿಟ್ಟ ದತ್ತಿ. ೧೧೦ರ ಕೆರೆ ಹೂಳಿನಿಂದ ೬೦ಕ್ಕೆ ಇಳಿದರೆ, ಮಳೆಯ ವಿತರಣೆ ಎಳ್ಳಷ್ಟೂ ಬದಲಾಗದಿದ್ದರೂ, ‘ಕ’ವು ‘ಖ’ಕ್ಕಿಂತ ಮುಂದಿದ್ದುದು ಹಿಂದಾಗುವುದು. ಒಂದು ಊರು ಏಳಿಗೆಯಾಯಿತು, ಇನ್ನೊಂದು ಹಾಳಾಯಿತು ಎಂಬುದಕ್ಕೆ ‘ಮಳೆ ಕೈಕೊಟ್ಟಿತು’ ಎಂಬ ಕಾರಣವನ್ನು ಬರೆಯುವ ಮೊದಲು, ಆ ಊರಿನ ಬಿತ್ತುವಟ್ಟ ನಿಂತುಹೋಯಿತೆ, ಏರಿಯನ್ನು ನೋಡಿಕೊಳ್ಳುವವರು ಇದ್ದರೆ, ನೀರುಗಂಟಿಯ ಮಾತು ನಡೆಯುತ್ತಿತ್ತೆ ಎಂಬುದನ್ನು ವಿಚಾರಿಸಬೇಕು. ಹೋಲಿಕೆಯ ತೀರ್ಪನ್ನು ಆಕಾಶವೊಂದೇ ಬರೆಯುವುದಿಲ್ಲ; ಏರಿಯೂ ಅದರಲ್ಲಿ ಕೈಗೂಡಿಸುವುದು.

೬. ಕಾಲನಿರ್ಣಯದಲ್ಲಿ ಇದರ ಉಪಯೋಗ

ಮಳೆಯಂತೆ ಕಾಲವೂ ಇತಿಹಾಸಕಾರನಿಗೆ ಎಷ್ಟೋ ವೇಳೆ ಅನಿಶ್ಚಿತ ಪರಿಮಾಣವಾಗಿಯೇ ದೊರೆಯುವುದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಕ್ರಿ. ಶ. ೧೧೧೭ರಲ್ಲಿ ಆಯಿತೆಂಬುದು ಶಾಸನದಿಂದ ಸ್ಪಷ್ಟ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆರಂಭವನ್ನು ಸುಮಾರು ೧೧೨೧ ಎಂದೂ, ಅರಸೀಕೆರೆಯ ಈಶ್ವರ ದೇವಾಲಯದ ಕಾಲವನ್ನು ಸುಮಾರು ೧೨೨೦ ಎಂದೂ ಹೇಳುವೆವು. ಈ ‘ಸುಮಾರು’ ಎಂಬ ಮಾತಿನ ಹಿಂದೆ ಒಂದು ವಿತರಣೆ ಅಡಗಿದೆ.

ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳು ತಾಲ್ಲೂಕುವಾರಾಗಿ ಜೋಡಣೆಗೊಂಡಿವೆ. ಇಂತಹ ಸಂಪುಟಗಳಲ್ಲಿ ತೇದಿಯಿಲ್ಲದ ಶಾಸನಗಳೂ ಇರುವುವು. ಲಿಪಿಯ ಆಧಾರದಿಂದ ಒಂದು ಶಾಸನವನ್ನು ೧೧೦೦ರಿಂದ ೧೨೦೦ರ ಒಳಗಿನದೆಂದೂ ಇನ್ನೊಂದನ್ನು ೧೧೫೦ರಿಂದ ೧೨೫೦ರ ಒಳಗಿನದೆಂದೂ ಊಹಿಸಿದೆವೆನ್ನೋಣ; ಅವಧಿಯ ಎಲ್ಲ ವರ್ಷಗಳಿಗೂ ಸಮಾನ ಸಂಭವನೀಯತೆಯಿರಲಿ. ಆಗ ಎರಡನೆಯದು ಸಂಭವಕ್ರಮದಲ್ಲಿ ಈಚಿನದು. ಯಾವ ವರ್ಷವನ್ನು ಮಿತಿಯಾಗಿ ಇಟ್ಟರೂ ಈ ಮಾತು ನಿಲ್ಲುವುದು. ಆದರೂ ಮೊದಲನೆಯದೇ ಈಚಿನದಾಗಿರುವ ಸಂಭವನೀಯತೆ, ಎರಡು ಊಹೆಗಳೂ ಪರಸ್ಪರ ಸ್ವತಂತ್ರವಾಗಿದ್ದ ಪಕ್ಷದಲ್ಲಿ, ಎಂಟರಲ್ಲಿ ಒಂದು ಪಾಲು ಉಳಿಯುವುದು. ‘ಸಂಭವಕ್ರಮದಲ್ಲಿ ಈಚಿನದು’ ಎಂಬುದನ್ನು ‘ಈಚಿನದು’ ಎಂದು ಬರೆದುಬಿಟ್ಟರೆ ಆ ಎಂಟನೆಯ ಪಾಲನ್ನು ಓದುಗರಿಂದ ಮರೆಮಾಡಿದಂತಾಗುವುದು.

ಇದಕ್ಕಿಂತ ತೊಡಕಾದ ಸಂದರ್ಭವೂ ನಮ್ಮಲ್ಲಿಯೇ ಉಂಟು. ಹೊಯ್ಸಳರಲ್ಲಿ ನರಸಿಂಹರು ಮೂವರು. ಮೊದಲನೆಯವನು ೧೧೫೨ರಿಂದ ೧೧೭೩ರವರೆಗೆ ಆಳಿದನು. ಎರಡನೆಯವನು ೧೨೨೦ರಲ್ಲಿ, ಮೂರನೆಯವನು ೧೨೫೪ರಲ್ಲಿ ಪಟ್ಟಕ್ಕೆ ಬಂದರು. ತೇದಿಯಿಲ್ಲದ, ಒಡೆದ ಕಲ್ಲಿನಲ್ಲಿ ‘ನರಸಿಂಹದೇವ’ನೆಂಬ ಹೆಸರು ಮಾತ್ರ ಉಳಿದಿದ್ದರೆ ಅದರ ಕಾಲದ ವಿತರಣೆ ಮೂರು ಗುಂಪುಗಳಾಗಿ ಒಡೆದಿರುವುದು. ಇದನ್ನು ೧೧೭೩ರಿಂದ ೧೨೨೦ರವರೆಗೆ ಆಳಿದ ಎರಡನೆಯ ಬಲ್ಲಾಳನ ಕಾಲದ, ತೇದಿಯಿಲ್ಲದ ಶಾಸನದೊಡನೆ ಹೋಲಿಸಿದರೆ ಯಾವುದು ಹಳೆಯದು? ಕಲ್ಲಿನ ನರಸಿಂಹನು ಮೊದಲನೆಯವನಾದರೆ ನರಸಿಂಹನದು ಹಳೆಯದು. ಉಳಿದವರಲ್ಲಿ ಒಬ್ಬನಾದರೆ ಬಲ್ಲಾಳನದು ಹಳೆಯದು. ರೇಖೆಗಳು ಕತ್ತರಿಸುವುವು, ಕ್ರಮವಿಲ್ಲ. ಇಂತಹ ಎಡೆಯಲ್ಲಿ ಮೂವರ ಕಾಲವನ್ನೂ ಸೇರಿಸಿ ಸರಾಸರಿ ತೆಗೆದು ‘ಸುಮಾರು ಹದಿಮೂರನೆಯ ಶತಮಾನದ ಮೊದಲ ಭಾಗ’ ಎಂದು ಬರೆಯುವುದು, ಮೂರು ದಾರಿಗಳಲ್ಲಿ ಒಂದರಲ್ಲಿ ಹೋದವನನ್ನು ಮೂರರ ನಡುವಿನ ಹೊಲದಲ್ಲಿ ಹುಡುಕಿದಂತೆ. ಇಲ್ಲಿ ಬೇಕಾದುದು ಹೆಚ್ಚಿನ ಲೆಕ್ಕವಲ್ಲ. ಲಿ‌ಪಿ, ಬಿರುದು, ಅಧಿಕಾರಿಗಳ ಹೆಸರು ಮೊದಲಾದ ಹೆಚ್ಚಿನ ಸಾಕ್ಷ್ಯ. ಆ ಸಾಕ್ಷ್ಯ ಎಲ್ಲಿ ಅವಶ್ಯವೆಂಬುದನ್ನು ಬೆರಳಿಟ್ಟು ತೋರಿಸುವುದೇ ಸಂಭವಕ್ರಮದ ಉಪಕಾರ.

೭. ಉಪಸಂಹಾರ

ಮೇಲೆ ವಿವರಿಸಿದುದರ ಸಾರಾಂಶವಿಷ್ಟು. ಎರಡು ಅನಿಶ್ಚಿತ ಪರಿಮಾಣಗಳನ್ನು ಹೋಲಿಸುವಾಗ ಮೊದಲು ಎಲ್ಲ ಮಿತಿಗಳಲ್ಲಿಯೂ ಒಂದು ಮೇಲೆಯೇ ಎಂದು ನೋಡಬೇಕು. ಹೌದಾದರೆ ಸಂಕೋಚವಿಲ್ಲದೆ ಹೇಳಬಹುದು. ಇಲ್ಲವಾದರೆ, ಕೆಟ್ಟ ವರ್ಷದಿಂದ ಕೂಡುತ್ತ ಹೋಗಿ ಎರಡನೆಯ ದರ್ಜೆಯ ಕ್ರಮವುಂಟೆ ಎಂದು ನೋಡಬೇಕು. ಉಂಟಾದರೆ, ನಷ್ಟಕ್ಕೆ ಅಂಜುವವರ ಪರವಾಗಿ ಆ ಮಾತನ್ನು ಹೇಳಬಹುದು. ಅದೂ ಇಲ್ಲವಾದರೆ, ಯಾವ ಮಿತಿಗೆ, ಯಾವ ಕೆರೆಗೆ, ಯಾರ ದೃಷ್ಟಿಯಿಂದ ಹೋಲಿಸುತ್ತಿದ್ದೇವೆಂಬುದನ್ನು ಹೆಸರಿಸಿಯೇ ಮಾತನಾಡಬೇಕು. ಹೆಸರಿಸದೆ ‘ಹೆಚ್ಚು’, ‘ಮೇಲು’, ‘ಈಚಿನದು’ ಎಂದು ಬರೆಯುವುದು ಇತಿಹಾಸಕಾರನಿಗೆ ತರವಲ್ಲ.

ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಮಿತ್ರರಿಗೆ ಒಂದು ಸೂಚನೆ. ಬೇಲೂರು, ಹಳೇಬೀಡು, ಅರಸೀಕೆರೆಗಳ ಮಳೆಯ ದಾಖಲೆಗಳಿಂದ ಒಂದೇ ಅವಧಿಯ ಮೂವತ್ತು ವರ್ಷಗಳ ಅಂಕಿಗಳನ್ನು ತೆಗೆದು ಏರುಕ್ರಮದಲ್ಲಿ ಬರೆಯಿರಿ. ಸಾಲಿಗೆ ಸಾಲು ಹೋಲಿಸಿ, ಆಮೇಲೆ ಕೂಡುತ್ತ ಹೋಗಿ ಹೋಲಿಸಿ. ವರ್ಷದ ಮೊತ್ತಕ್ಕೆ ಒಮ್ಮೆ, ಹಿಂಗಾರಿನ ತಿಂಗಳುಗಳಿಗೆ ಒಮ್ಮೆ. ಇದಕ್ಕೆ ಕಾಗದ, ಪೆನ್ಸಿಲು ಮತ್ತು ತಾಳ್ಮೆಯ ಹೊರತು ಬೇರೆ ಉಪಕರಣ ಬೇಡ. ಅನಂತರ ಊರಿನ ಕೆರೆಯ ಏರಿಯ ಮೇಲೆ ನಿಂತು, ಅದು ಈಗ ಎಷ್ಟು ನೀರನ್ನು ಹಿಡಿಯಬಲ್ಲದೆಂದು ಅಲ್ಲಿಯ ಹಿರಿಯರನ್ನು ಕೇಳಿರಿ. ಆ ಎರಡು ಉತ್ತರಗಳು ಒಟ್ಟಿಗೆ ದೊರೆತಾಗ ಮಾತ್ರ ಒಂದು ಸೀಮೆಯ ಬಾಳನ್ನು ಇನ್ನೊಂದರ ಬಾಳಿನೊಡನೆ ತೂಗುವ ಅಧಿಕಾರ ನಮಗೆ ಬರುವುದು. ನನ್ನ ಹಳೆಯ ಪ್ರಬಂಧದಲ್ಲಿದ್ದ ‘ಸದಾ ಸುರಕ್ಷಿತ’ ಎಂಬ ಮಾತನ್ನು ನಾನು ಹೊಡೆದುಹಾಕಿದ್ದೇನೆ. ಅದರ ಸ್ಥಳದಲ್ಲಿ ಏನನ್ನು ಬರೆಯಬೇಕೆಂಬುದನ್ನು ಆ ಅಂಕಿಗಳು ಬಂದ ಮೇಲೆ ನಿರ್ಧರಿಸಬೇಕಾಗಿದೆ.